ರಾತ್ರಿ ಮರ ವಿಷಗಾಳಿ ಬಿಡುತ್ತದೆಯೇ? ಹೆದರಬೇಕಾದ್ದು ಮರಕ್ಕಲ್ಲ, ಮುಚ್ಚಿದ ಗುಂಡಿಗೆ

ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ವರ್ಷವಿಡೀ ಸುತ್ತುತ್ತಿರುತ್ತವೆ. ಮೊದಲನೆಯದು: ರಾತ್ರಿ ಮರದ ಕೆಳಗೆ ಮಲಗಬೇಡಿ, ಮರ ರಾತ್ರಿಯೆಲ್ಲ ಕಾರ್ಬನ್ ಡೈಆಕ್ಸೈಡ್ ಎಂಬ ವಿಷಗಾಳಿ ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ಜೀವಕ್ಕೇ ಅಪಾಯ. ಎರಡನೆಯದು ಇದಕ್ಕೆ ತದ್ವಿರುದ್ಧ: ಅರಳಿಮರ, ತುಳಸಿ ದಿನದ 24 ಗಂಟೆಯೂ ಆಕ್ಸಿಜನ್ ಬಿಡುತ್ತವೆ, ಅವುಗಳ ಬಳಿ ಕೂತರೆ ಸಾಕು, ದೇಹದ ಆಕ್ಸಿಜನ್ ಮಟ್ಟ ಏರುತ್ತದೆ.

ಎರಡೂ ಸಂದೇಶಗಳು ಹುಟ್ಟಿದ್ದು ಒಂದೇ ಗೊಂದಲದಿಂದ. ಗಿಡ ಉಸಿರಾಡುವುದೆಂದರೆ ಏನು, ನಾವು ಉಸಿರಾಡುವುದೆಂದರೆ ಏನು ಎಂಬುದು ಸ್ಪಷ್ಟವಾದರೆ ಎರಡಕ್ಕೂ ಉತ್ತರ ಸಿಗುತ್ತದೆ. ಇದಕ್ಕೆ ನಾವು ದೂರ ಹೋಗಬೇಕಿಲ್ಲ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಭತ್ತದ ಗದ್ದೆ, ರಸಬಾಳೆ ಗೊನೆ, ಹಳೇ ಕಾಲದ ರಾಗಿ ಹಗೇವು, ಇಷ್ಟು ಸಾಕು.

ಒಂದೇ ಮಾತಿನಲ್ಲಿ ಉತ್ತರ

ಗಿಡ, ಮರ, ದನ, ಮೀನು, ಮನುಷ್ಯ, ಎಲ್ಲರೂ ಹಗಲೂ ರಾತ್ರಿ ಉಸಿರಾಡುತ್ತಾರೆ. ಎಲ್ಲರೂ ಆಕ್ಸಿಜನ್ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಬಯಲಿನಲ್ಲಿ ನಿಂತ ಮರದ ಉಸಿರಿನಿಂದ ಯಾರಿಗೂ ಅಪಾಯವಿಲ್ಲ. ಆದರೆ ಅದೇ ಉಸಿರು ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಕೆಲವೇ ನಿಮಿಷದಲ್ಲಿ ಪ್ರಾಣ ತೆಗೆಯಬಲ್ಲದು. ಹಾಗಾಗಿ ಎಚ್ಚರ ಬೇಕಾದ್ದು ಮರದ ನೆರಳಲ್ಲಿ ಅಲ್ಲ, ಹಗೇವು, ಹಾಳುಬಾವಿ, ಗುಂಡಿಗಳಲ್ಲಿ.

ಉಸಿರಾಟ ಬರೀ ಮೂಗಿನ ಕೆಲಸವೇ?

ಮೂಗಿನಿಂದ ಗಾಳಿ ಎಳೆದು ಬಿಡುವುದನ್ನು ನಾವು ಉಸಿರಾಟ ಎನ್ನುತ್ತೇವೆ. ಅದು ಸಾಗಾಟ ಮಾತ್ರ. ನಿಜವಾದ ಕೆಲಸ ನಡೆಯುವುದು ದೇಹದ ಪ್ರತಿಯೊಂದು ಜೀವಕೋಶದ ಒಳಗೆ.

ಉಂಡ ಮುದ್ದೆ, ಅನ್ನ ಜೀರ್ಣವಾಗಿ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶದಿಂದ ಬಂದ ಆಕ್ಸಿಜನ್ ಅದೇ ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆ ಸೇರಿ ಜೀವಕೋಶಗಳಿಗೆ ಹೋಗುತ್ತದೆ. ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ. ಸಕ್ಕರೆಯಲ್ಲಿದ್ದ ಶಕ್ತಿಯ ಬಹುಪಾಲು ಹೊರಬರುವುದು ಅಲ್ಲಿ, ಆಕ್ಸಿಜನ್ ನೆರವಿನಿಂದ, ಹಂತ ಹಂತವಾಗಿ. ಉಳಿಯುವುದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್. ಶಾಲೆಯ ಪುಸ್ತಕದಲ್ಲಿ ಆಕ್ಸಿಜನ್ ಸಹಿತ ಉಸಿರಾಟ ಎಂದು ಓದಿದ್ದು ಇದನ್ನೇ.

ಒಲೆಯಲ್ಲಿ ಸೌದೆ ಉರಿಯುವುದಕ್ಕೂ ಇದಕ್ಕೂ ಲೆಕ್ಕ ಒಂದೇ. ಎರಡರಲ್ಲೂ ಆಕ್ಸಿಜನ್ ಖರ್ಚಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಶಕ್ತಿ ಹೊರಬೀಳುತ್ತದೆ. ಒಲೆಯಲ್ಲಿ ಎಲ್ಲವೂ ಒಮ್ಮೆಗೇ ಬೆಂಕಿಯಾಗಿ ಹೋಗುತ್ತದೆ. ಜೀವಕೋಶದಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಬಿಡುಗಡೆಯಾಗಿ ಎಟಿಪಿ ಎಂಬ ಅಣುಗಳಲ್ಲಿ ಕೂಡಿಕೊಳ್ಳುತ್ತದೆ. ಸ್ನಾಯು ಎಳೆಯಲು, ಹೃದಯ ಬಡಿಯಲು, ಬೇರು ನೀರಿನ ಜೊತೆ ಗೊಬ್ಬರದ ಸತ್ವ ಹೀರಲು ಈ ಚಿಲ್ಲರೆಯೇ ಬೇಕು.

ಆಕ್ಸಿಜನ್ ಇಲ್ಲದೆಯೂ ಸಕ್ಕರೆಯಿಂದ ಒಂದಿಷ್ಟು ಶಕ್ತಿ ತೆಗೆಯಬಹುದು. ದೋಸೆ ಹಿಟ್ಟು ಹುಳಿಬಂದು ಉಬ್ಬುವಾಗ ಅದರೊಳಗಿನ ಸೂಕ್ಷ್ಮಜೀವಿಗಳು ಮಾಡುವುದು ಅದನ್ನೇ. ಆದರೆ ಒಂದು ಗ್ಲೂಕೋಸ್ ಅಣುವಿನಿಂದ ಆಗ ಸಿಗುವುದು 2 ಎಟಿಪಿ ಮಾತ್ರ. ಆಕ್ಸಿಜನ್ ಇದ್ದರೆ ಸುಮಾರು 30. ಹಳೆಯ ಪಠ್ಯಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ, ಈಗಿನ ಲೆಕ್ಕ 30ರಿಂದ 32. ಈ ವ್ಯತ್ಯಾಸದಿಂದಾಗಿಯೇ ನಮ್ಮಂಥ ದೊಡ್ಡ ಜೀವಿಗಳು ಆಕ್ಸಿಜನ್ ಇಲ್ಲದೆ ಬದುಕಲಾರವು. ಸುಮ್ಮನೆ ಕೂತಿದ್ದರೂ ಒಬ್ಬ ವಯಸ್ಕನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್, ದಿನಕ್ಕೆ 360 ಲೀಟರ್ ಆಕ್ಸಿಜನ್ ಬೇಕು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮಿದುಳು ಇದರಲ್ಲಿ ಐದನೇ ಒಂದು ಪಾಲನ್ನು ತಾನೇ ಬಳಸುತ್ತದೆ. ಆಕ್ಸಿಜನ್ ನಿಂತರೆ ಮೊದಲು ಕೈಕೊಡುವುದೂ ಅದೇ.

ಗಿಡವೂ ಹೀಗೆಯೇ ಉಸಿರಾಡುತ್ತದೆಯೇ?

ಹೌದು, ಇದೇ ರೀತಿ. ನಂಬಿಕೆ ಬರದಿದ್ದರೆ ಬಿತ್ತನೆ ಭತ್ತವನ್ನು ನೋಡಿ.

ತಲಕಾಡಿನ ಕಡೆ ಮಾಧವಮಂತ್ರಿ ನಾಲೆಯ ಬಯಲಾಗಲಿ, ನಂಜನಗೂಡಿನ ಹುಲ್ಲಹಳ್ಳಿ ನಾಲೆಯ ಬಯಲಾಗಲಿ, ಒಟ್ಲು ಬಿಡುವ ಮುಂಚೆ ರೈತರು ಭತ್ತವನ್ನು ಒಂದು ದಿನ ನೀರಲ್ಲಿ ನೆನೆಹಾಕುತ್ತಾರೆ. ಆಮೇಲೆ ನೀರು ಬಸಿದು ಗೋಣಿಚೀಲದಲ್ಲಿ ಕಟ್ಟಿಡುತ್ತಾರೆ. ಮಾರನೇ ದಿನ ಆ ಚೀಲದೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ, ಕೆಲವೊಮ್ಮೆ ಬಿಸಿಯೇ ಇರುತ್ತದೆ. ಒಳಗೆ ಬೆಂಕಿಯಿಲ್ಲ, ಬಿಸಿಲಿಲ್ಲ. ಆ ಬಿಸಿ ಕಾಳಿನ ಉಸಿರಾಟದ್ದು. ಮೊಳಕೆಯೊಡೆಯಲು ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಗಾಳಿಯ ಆಕ್ಸಿಜನ್ ಬಳಸಿ ಶಕ್ತಿ ತೆಗೆಯುತ್ತಿರುತ್ತದೆ. ನಡುವೆ ಚೀಲ ತಿರುವಿ ಹಾಕಿ ನೀರು ಚಿಮುಕಿಸುವುದು ಏಕೆಂದರೆ, ಬಿಸಿ ವಿಪರೀತವಾದರೆ ಮೊಳಕೆ ಬೆಂದು ಹೋಗುತ್ತದೆ. ಮನೆಯಲ್ಲಿ ಬಟ್ಟೆಗೆ ಕಟ್ಟಿದ ಹೆಸರುಕಾಳಿನ ಗಂಟು ಮುಟ್ಟಿದರೂ ಈ ಬೆಚ್ಚನೆ ತಿಳಿಯುತ್ತದೆ.

ಗಿಡಕ್ಕೆ ಶ್ವಾಸಕೋಶವಿಲ್ಲ, ರಕ್ತವಿಲ್ಲ. ಎಲೆಯ ಮೇಲಿನ ಪತ್ರರಂಧ್ರಗಳು, ತೊಗಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುವ ಸಣ್ಣ ಬಿರುಕುಗಳು, ಎಳೆ ಬೇರಿನ ತುದಿಗಳು, ಇವುಗಳ ಮೂಲಕ ಗಾಳಿ ತಾನಾಗಿಯೇ ಒಳಹೋಗಿ ಹೊರಬರುತ್ತದೆ. ಓಡಾಟವಿಲ್ಲದ ಗಿಡಕ್ಕೆ ಅಷ್ಟು ಸಾಕು.

ಬೇರಿಗೂ ಗಾಳಿ ಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಕುಂಡದ ಗಿಡಕ್ಕೆ ಪ್ರೀತಿಯಿಂದ ದಿನಾ ನೀರು ಸುರಿದು ಸಾಯಿಸುವುದು ಹೀಗೆಯೇ. ಮಣ್ಣಿನ ಸಂದಿಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕಪಿಲೆ ಉಕ್ಕಿ ಹೊಲಗಳಲ್ಲಿ ದಿನಗಟ್ಟಲೆ ನೀರು ನಿಂತಾಗ ಪೈರು ಹಾಳಾಗುವುದಕ್ಕೆ ಇದೇ ದೊಡ್ಡ ಕಾರಣ. ಹಾಗಾದರೆ ಭತ್ತ ನೀರಲ್ಲೇ ನಿಂತು ಬೆಳೆಯುವುದು ಹೇಗೆ? ಭತ್ತದ ಎಲೆಯಿಂದ ಬೇರಿನವರೆಗೆ ಒಳಗೊಳಗೇ ಟೊಳ್ಳು ಗಾಳಿಕೊಳವೆಗಳಿವೆ. ನೀರಿನ ಮೇಲಿರುವ ಎಲೆ ಎಳೆದ ಗಾಳಿ ಕೆಸರಿನೊಳಗಿನ ಬೇರಿಗೆ ತಲುಪುತ್ತದೆ. ಪೈರು ಪೂರ್ತಿ ಮುಳುಗಿದರೆ ಮಾತ್ರ ಭತ್ತವೂ ಹೆಚ್ಚು ದಿನ ತಾಳುವುದಿಲ್ಲ.

ಮತ್ತೆ ಗಿಡ ಆಕ್ಸಿಜನ್ ಕೊಡುತ್ತದೆ ಎನ್ನುವುದು?

ಅದು ಬೇರೆಯದೇ ಕೆಲಸ. ಬಿಸಿಲು ಬಿದ್ದಾಗ ಎಲೆಯ ಹಸಿರು ಭಾಗ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತದೆ. ಇದು ದ್ಯುತಿಸಂಶ್ಲೇಷಣೆ, ಅಂದರೆ ಅಡುಗೆ ಮಾಡಿಕೊಳ್ಳುವುದು. ಉಸಿರಾಟವೆಂದರೆ ಮಾಡಿದ ಅಡುಗೆಯಿಂದ ಶಕ್ತಿ ಪಡೆಯುವುದು. ಅಡುಗೆ ಬೆಳಕಿದ್ದಾಗ ಮಾತ್ರ ನಡೆಯುತ್ತದೆ, ಊಟ ದಿನವಿಡೀ ನಡೆಯುತ್ತದೆ.

ಹಗಲಲ್ಲಿ ಎಲೆ ಉಸಿರಾಡುವುದನ್ನು ನಿಲ್ಲಿಸುವುದಿಲ್ಲ. ಆದರೆ ಒಳ್ಳೆಯ ಬಿಸಿಲಲ್ಲಿ ಅದು ಬಿಡುವ ಆಕ್ಸಿಜನ್, ಉಸಿರಾಟಕ್ಕೆ ಬಳಸುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಹಗಲು ಆಕ್ಸಿಜನ್ ಹೊರಬರುತ್ತದೆ. ರಾತ್ರಿ ಅಡುಗೆ ನಿಂತು ಉಸಿರಾಟವೊಂದೇ ಉಳಿಯುವುದರಿಂದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ.

ಇದು ಹೊಸ ಸುದ್ದಿಯೇನಲ್ಲ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿದ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಪುದೀನ ಸಸಿಯಿಟ್ಟರೆ ಕೆಲವು ದಿನಗಳ ನಂತರ ಅಲ್ಲಿ ಮತ್ತೆ ಬತ್ತಿ ಉರಿಯುತ್ತದೆ ಎಂದು ತೋರಿಸಿದರು. 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್, ಇದಕ್ಕೆ ಬೆಳಕು ಬೇಕೇ ಬೇಕು, ಕತ್ತಲಲ್ಲಿ ಗಿಡವೂ ನಮ್ಮಂತೆ ಗಾಳಿಯನ್ನು ಕೆಡಿಸುತ್ತದೆ ಎಂದು ಪ್ರಕಟಿಸಿದರು. ರಾತ್ರಿ ಗಿಡದ ಭಯದ ಬೇರು ಈ ಎರಡನೇ ಮಾತಿನಲ್ಲೇ ಇದೆ. ಮಾತು ನಿಜ. ಎಷ್ಟು ಕೆಡಿಸುತ್ತದೆ ಎಂಬ ಲೆಕ್ಕ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

ಆ ಲೆಕ್ಕ ಎಷ್ಟು?

ಒಂದು ಸ್ಥೂಲ ಲೆಕ್ಕ ಹಾಕೋಣ. ಒಟ್ಟು 100 ಚದರ ಮೀಟರ್ ಎಲೆಯಿರುವ ಸಾಧಾರಣ ಗಾತ್ರದ ಮರ ರಾತ್ರಿ ಹೊತ್ತು ಎಲೆಗಳಿಂದ ಗಂಟೆಗೆ ಬಿಡುವ ಕಾರ್ಬನ್ ಡೈಆಕ್ಸೈಡ್ 10 ಲೀಟರ್‌ನ ಒಳಗೇ. ವಿಶ್ರಾಂತಿಯಲ್ಲಿರುವ ಒಬ್ಬ ಮನುಷ್ಯ ಗಂಟೆಗೆ ಬಿಡುವುದು ಸುಮಾರು 12 ಲೀಟರ್. ಅಂದರೆ ಮರದ ಕೆಳಗೆ ಮಲಗುವುದೂ ಬಯಲಿನಲ್ಲಿ ಇನ್ನೊಬ್ಬರ ಪಕ್ಕ ಮಲಗುವುದೂ ಹೆಚ್ಚುಕಡಿಮೆ ಒಂದೇ. ಮರ ಐದು ಪಟ್ಟು ದೊಡ್ಡದಾದರೆ ನಾಲ್ಕೈದು ಮಂದಿ ಜೊತೆಗೆ ಮಲಗಿದಂತೆ. ನಂಜನಗೂಡಿನ ದೊಡ್ಡ ಜಾತ್ರೆಗೆ, ಸುತ್ತೂರು ಜಾತ್ರೆಗೆ ಬಂದ ಜನ ಸಾಲುಸಾಲಾಗಿ ಬಯಲಲ್ಲಿ ಮಲಗುತ್ತಾರಲ್ಲ, ಒಬ್ಬರ ಉಸಿರು ಇನ್ನೊಬ್ಬರಿಗೆ ವಿಷವಾಗುವುದಿಲ್ಲ. ಗಾಳಿ ಆಡುವ ಕಡೆ ಅದು ಚದುರಿ ಹೋಗುತ್ತದೆ.

ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21ರಷ್ಟಿದೆ, ಕಾರ್ಬನ್ ಡೈಆಕ್ಸೈಡ್ ಶೇಕಡಾ 0.04ರಷ್ಟಿದೆ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಶೇಕಡಾ 0.1, 0.2ಕ್ಕೆ ಏರುವುದು ಸಾಮಾನ್ಯ. ಮರದ ಕೆಳಗೆ ಅಷ್ಟೂ ಆಗುವುದಿಲ್ಲ. ತಲೆನೋವು, ಏದುಸಿರು ಬರುವುದು ಅದು ಶೇಕಡಾ 4, 5ರ ಹತ್ತಿರ ಹೋದಾಗ. ಮರದ ಕೆಳಗೆ ರಾತ್ರಿ ಮಲಗದಿರಲು ಬೇರೆ ಕಾರಣಗಳಿರಬಹುದು: ಹಾವು, ಚೇಳು, ಮಳೆಗಾಳಿಗೆ ಮುರಿದು ಬೀಳುವ ಕೊಂಬೆ, ಸಿಡಿಲು. ಗಾಳಿ ಆ ಕಾರಣವಲ್ಲ. ಮಲಗುವ ಕೋಣೆಯಲ್ಲಿ ಒಂದೆರಡು ಕುಂಡಗಳಿದ್ದರಂತೂ ಲೆಕ್ಕಕ್ಕೇ ಬರುವುದಿಲ್ಲ.

ಅರಳಿ, ತುಳಸಿ ರಾತ್ರಿ ಆಕ್ಸಿಜನ್ ಬಿಡುತ್ತವೆಯೇ?

ಇಲ್ಲ. ಗಿಡ ಬಿಡುವ ಆಕ್ಸಿಜನ್ ಬರುವುದು ನೀರಿನ ಅಣು ಒಡೆದಾಗ, ಅದನ್ನು ಒಡೆಯುವುದು ಬೆಳಕು. ಬೆಳಕಿಲ್ಲದೆ ಯಾವ ಗಿಡವೂ ಆಕ್ಸಿಜನ್ ಬಿಡಲಾರದು. ಪಾಪಸುಕಳ್ಳಿ, ಅನಾನಸ್, ಕತ್ತಾಳೆಯಂಥ ಕೆಲವು ಗಿಡಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡ್ ಎಳೆದಿಟ್ಟುಕೊಳ್ಳುತ್ತವೆ. ಅವೂ ಆಕ್ಸಿಜನ್ ತಯಾರಿಸುವುದು ಹಗಲಲ್ಲೇ. ಈ ವಿಷಯವನ್ನೇ ಹಿಗ್ಗಿಸಿ ಅರಳಿ, ತುಳಸಿಗೆ ಅಂಟಿಸಿರುವಂತೆ ಕಾಣುತ್ತದೆ. ಅರಳಿಕಟ್ಟೆಯ ತಂಪು, ತುಳಸಿಕಟ್ಟೆಯ ಮೇಲಿನ ಭಕ್ತಿ ಇವಕ್ಕೆ ಆಕ್ಸಿಜನ್ ಪ್ರಮಾಣಪತ್ರ ಬೇಕಿಲ್ಲ.

ಆದರೆ ಈ ನಂಬಿಕೆ ನಿರಪಾಯಕಾರಿಯೂ ಅಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅರಳಿಮರದ ಕೆಳಗೆ ಮಲಗಿದರೆ ಆಕ್ಸಿಜನ್ ಏರುತ್ತದೆ ಎಂಬ ಸಂದೇಶ ದೇಶದೆಲ್ಲೆಡೆ ಹರಡಿತ್ತು. ಅದೇ ಮೇ ತಿಂಗಳ ಆರಂಭದಲ್ಲಿ ನಂಜನಗೂಡಿನ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡರು. ಅಂಥ ರೋಗಿಗೆ ಶ್ವಾಸಕೋಶವೇ ಕೆಲಸ ಮಾಡುತ್ತಿರುವುದಿಲ್ಲ. ಮರದ ಕೆಳಗೂ ಗಾಳಿಯಲ್ಲಿರುವುದು ಅದೇ ಶೇಕಡಾ 21 ಆಕ್ಸಿಜನ್. ಆಸ್ಪತ್ರೆಯ ಸಿಲಿಂಡರಿನಲ್ಲಿ ಇರುವುದು ಶೇಕಡಾ 90ಕ್ಕೂ ಹೆಚ್ಚು. ಏದುಸಿರು ಬಿಡುತ್ತಿರುವವರನ್ನು ಮರದ ಕೆಳಗೆ ಕೂರಿಸುವ ಪ್ರತಿ ಗಂಟೆಯೂ ಆಸ್ಪತ್ರೆ ತಲುಪದ ಗಂಟೆ.

ಗಿಡದ ರಾತ್ರಿ ಉಸಿರಿನಿಂದ ಯಾರಿಗೂ ತೊಂದರೆಯಿಲ್ಲವೇ?

ಇದೆ, ಮೀನುಗಳಿಗೆ. 1 ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದ್ದರೆ, 1 ಲೀಟರ್ ಶುದ್ಧ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಅಷ್ಟರಲ್ಲೇ ಮೀನು, ಪಾಚಿ, ಜೊಂಡು, ಕೊಳೆ ತಿನ್ನುವ ಬ್ಯಾಕ್ಟೀರಿಯ ಎಲ್ಲವೂ ಉಸಿರಾಡಬೇಕು. ಚರಂಡಿ ನೀರು ಸೇರಿ ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಹಗಲು ಆಕ್ಸಿಜನ್ ಬೇಕಾದಷ್ಟಿರುತ್ತದೆ. ರಾತ್ರಿಯೆಲ್ಲ ಪಾಚಿಯೇ ಅದನ್ನು ಬಳಸಿ ಮುಗಿಸುತ್ತದೆ. ಅದಕ್ಕೇ ಇಂಥ ಕೆರೆಗಳಲ್ಲಿ ಮೀನು ಬಾಯಿ ಮೇಲೆ ಮಾಡಿ ಒದ್ದಾಡುವುದು, ಸತ್ತು ತೇಲುವುದು ಹೆಚ್ಚಾಗಿ ಕಾಣುವುದು ಬೆಳಗಿನ ಜಾವ. ಇದಕ್ಕೆ ಯಾರೋ ವಿಷ ಹಾಕಿರಲೇಬೇಕೆಂದೇನಿಲ್ಲ.

ಕೊಯ್ದ ಮೇಲೂ ಉಸಿರಾಟ ನಿಲ್ಲುವುದಿಲ್ಲ

ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದರ ರುಚಿ ಎಲ್ಲರಿಗೂ ಗೊತ್ತು. ಕೊಯ್ದ ಗೊನೆ ಉಸಿರಾಡುತ್ತಲೇ ಇರುತ್ತದೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಣ್ಣಾಗುವ ಹೊತ್ತಿಗೆ ಬಾಳೆಕಾಯಿಯ ಉಸಿರಾಟ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಪಿಷ್ಟ ಸಕ್ಕರೆಯಾಗುವುದು, ಸಿಪ್ಪೆ ಹಳದಿಯಾಗುವುದು, ಘಮ ಬರುವುದು ಆಗಲೇ. ಗೊನೆ ಮಾಗಿಸುವ ಕೋಣೆಯನ್ನು ಆಗಾಗ ತೆರೆದು ಗಾಳಿ ಬಿಡಬೇಕು. ಇಲ್ಲದಿದ್ದರೆ ಹಣ್ಣೇ ಬಿಟ್ಟ ಕಾರ್ಬನ್ ಡೈಆಕ್ಸೈಡ್ ತುಂಬಿ ಮಾಗುವುದು ನಿಧಾನವಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿಟ್ಟ ಹಣ್ಣು ಬೇಗ ಕೆಡುವುದಕ್ಕೂ ಇದು ಒಂದು ಕಾರಣ.

ಹಗೇವು: ಉಸಿರು ಜೀವ ತೆಗೆಯುವ ಜಾಗ

ಈಗ ನಿಜವಾದ ಅಪಾಯಕ್ಕೆ ಬರೋಣ. ಹಳೇ ಮೈಸೂರು ಸೀಮೆಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ಕಿರಿದು, ಒಳಗೆ ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡುವುದಿಲ್ಲ. ಒಳಗೆ ರಾಗಿ ನಿಧಾನವಾಗಿ ಉಸಿರಾಡುತ್ತದೆ, ಕಾಳಿಗೆ ಅಂಟಿದ ಬೂಸ್ಟು, ಹುಳುಗಳೂ ಉಸಿರಾಡುತ್ತವೆ. ಇದ್ದ ಆಕ್ಸಿಜನ್ ಕಡಿಮೆಯಾಗುತ್ತಾ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಹುಳು ಉಸಿರುಗಟ್ಟಿ ಸಾಯುತ್ತದೆ, ಬೂಸ್ಟು ಬೆಳೆಯುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಇಂದು ಕಾಳು ಕೆಡದಂತೆ ಮಾರುವ ಗಾಳಿಯಾಡದ ಚೀಲಗಳ ಗುಟ್ಟೂ ಇದೇ.

ಹುಳುವನ್ನು ಕೊಲ್ಲುವ ಆ ಗಾಳಿ ಹಗೇವಿಗೆ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮುಚ್ಚಳ ತೆಗೆದರೂ ತಳದಲ್ಲೇ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದು ಶೇಕಡಾ 10ರಷ್ಟಾದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆಕ್ಸಿಜನ್ ಶೇಕಡಾ 6ಕ್ಕಿಂತ ಕೆಳಗಿದ್ದರೆ ಒಂದು ನಿಮಿಷವೂ ಬೇಕಾಗಿಲ್ಲ, ಕೂಗಲೂ ಆಗುವುದಿಲ್ಲ. ಆಮೇಲೆ ಬಿದ್ದವರನ್ನು ಎತ್ತಲು ಅಣ್ಣನೋ ಮಗನೋ ಇಳಿಯುತ್ತಾರೆ, ಅವರೂ ಬೀಳುತ್ತಾರೆ. ಇಂಥ ಸಾವುಗಳು ಜೋಡಿಜೋಡಿಯಾಗಿ ಆಗುವುದು ಹೀಗೆ.

ಹಿರಿಯರು ಇದನ್ನು ಅನುಭವದಿಂದ ಬಲ್ಲವರು. ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು, ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು ಎಂಬುದು ಸರಿಯಾದ ತಿಳಿವಳಿಕೆ. ಆದರೆ ದೀಪ ಆರಲಿಲ್ಲ ಎಂದರೆ ಸುರಕ್ಷಿತ ಎಂದರ್ಥವಲ್ಲ. ಶೌಚಗುಂಡಿ, ಗೋಬರ್ ಗ್ಯಾಸ್ ಗುಂಡಿಗಳಲ್ಲಿ ಬೇರೆ ವಿಷಾನಿಲಗಳೂ ಉರಿಯುವ ಅನಿಲವೂ ಇರುತ್ತವೆ. ಅಲ್ಲಿ ದೀಪ ಇಳಿಸುವುದೇ ಅಪಾಯ.

ಹಗೇವುಗಳು ಇಂದು ಕಡಿಮೆಯಾಗಿವೆ. ಆದರೆ ನೀರು ಬತ್ತಿದ ಹಾಳುಬಾವಿ, ರಸಮೇವಿನ ಗುಂಡಿ, ಶೌಚಗುಂಡಿ ಪ್ರತಿ ಊರಲ್ಲೂ ಇವೆ. ಸಾವಯವ ವಸ್ತು ಕೊಳೆಯುವ, ಗಾಳಿಯಾಡದ ಯಾವ ತಗ್ಗು ಜಾಗವೂ ಹಗೇವಿನಂತೆಯೇ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮರದ ಭಯದ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದಾಗ ಉತ್ತರವಾಗಿ ಇಷ್ಟನ್ನು ಕಳಿಸಿ:

• ಗಿಡಮರ ಹಗಲೂ ರಾತ್ರಿ ಉಸಿರಾಡುತ್ತವೆ. ಬಯಲಿನಲ್ಲಿ ಅದರಿಂದ ಅಪಾಯವಿಲ್ಲ.
• ಯಾವ ಗಿಡವೂ ಕತ್ತಲಲ್ಲಿ ಆಕ್ಸಿಜನ್ ಬಿಡುವುದಿಲ್ಲ. ಉಸಿರಾಟದ ತೊಂದರೆಯಾದರೆ ಮರದ ಬಳಿ ಅಲ್ಲ, ಆಸ್ಪತ್ರೆಗೆ.
• ಹಗೇವು, ಹಾಳುಬಾವಿ, ಗುಂಡಿಗೆ ಸುಮ್ಮನೆ ಇಳಿಯಬೇಡಿ. ಶೌಚಗುಂಡಿಗೆ ಮನುಷ್ಯರನ್ನು ಇಳಿಸಲೇಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ ಕೂಡ.
• ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯಬೇಡಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಹೊರಗಿನಿಂದಲೇ ಫ್ಯಾನ್ ಅಥವಾ ಬ್ಲೋವರ್‌ನಿಂದ ಗಾಳಿ ಊದಿ. ಗೋಬರ್ ಗ್ಯಾಸ್ ಅಥವಾ ಶೌಚಗುಂಡಿಯಾದರೆ ಹತ್ತಿರ ಬೆಂಕಿ, ವಿದ್ಯುತ್ ಕಿಡಿ ಬೇಡ.

ಮೊದಲ ಮೂರು ಸಾಲು ಮರೆತರೂ ಚಿಂತೆಯಿಲ್ಲ. ಕೊನೆಯದು ಮನೆಯವರೆಲ್ಲರಿಗೂ ನೆನಪಿರಲಿ.